ಅರಿಝೋನಾದ ಇಎಸ್‌ಎ ಖಾತೆ: ಸಹಿ ಹಾಕುವ ಮೊದಲು, ಹಾಕಿದ ಮೇಲೆ — ಕನ್ನಡದ ಅಪ್ಪ-ಅಮ್ಮಂದಿರಿಗೆ ಸಮಗ್ರ ಮಾರ್ಗದರ್ಶಿ

ಫೀನಿಕ್ಸ್ ಸುತ್ತಮುತ್ತ, ಅದರಲ್ಲೂ ಚಾಂಡ್ಲರ್, ಗಿಲ್ಬರ್ಟ್ ಕಡೆಯ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆ ಈಗ ಪದೇ ಪದೇ ಬರುತ್ತದೆ. "ಖಾಸಗಿ ಶಾಲೆಗೆ ಸರ್ಕಾರವೇ ದುಡ್ಡು ಕೊಡುತ್ತಂತೆ, ನಾವೂ ಅರ್ಜಿ ಹಾಕೋಣ್ವಾ?" ಕೊಡುತ್ತದೆ, ನಿಜ. ವಿಶೇಷ ಅಗತ್ಯಗಳಿಲ್ಲದ ಮಗುವಿಗೆ ವರ್ಷಕ್ಕೆ ಸುಮಾರು 7,000ದಿಂದ 8,000 ಡಾಲರ್. ಅರ್ಜಿ ತುಂಬುವುದೂ ಕಷ್ಟವಲ್ಲ. ಆದರೆ ಅರ್ಜಿಯ ಹಿಂದೆಯೇ ಒಂದು ಒಪ್ಪಂದ ಬರುತ್ತದೆ. ಅದಕ್ಕೆ ಸಹಿ ಹಾಕಿದ ದಿನ ನಿಮ್ಮ ಮಗುವಿಗಿದ್ದ ಕೆಲವು ಹಕ್ಕುಗಳನ್ನು ನೀವೇ ಬಿಟ್ಟುಕೊಡುತ್ತೀರಿ. ಹಣದ ಲೆಕ್ಕಕ್ಕಿಂತ ಮೊದಲು ಅದು ಗೊತ್ತಿರಬೇಕು. ಈ ಬರಹ ಅದೇ ಕ್ರಮದಲ್ಲಿ ಹೋಗುತ್ತದೆ.

ಇದು ಏನು, ಹೇಗೆ ಬಂತು

ಅರಿಝೋನಾದಲ್ಲಿ ಇಎಸ್‌ಎಯ ಪೂರ್ತಿ ಹೆಸರು ಎಂಪವರ್‌ಮೆಂಟ್ ಸ್ಕಾಲರ್‌ಶಿಪ್ ಅಕೌಂಟ್. ನೀವೇ ದುಡ್ಡು ಕಟ್ಟಿ ಬೆಳೆಸುವ ಕವರ್‌ಡೆಲ್ ಖಾತೆ ಬೇರೆ, 529 ಪ್ಲಾನ್ ಬೇರೆ. ಅವು ನಿಮ್ಮ ಸ್ವಂತ ಉಳಿತಾಯ. ಇಲ್ಲಿ ಖಾತೆಗೆ ಹಣ ಹಾಕುವುದು ರಾಜ್ಯ ಸರ್ಕಾರ.

ನೇರವಾಗಿ ಶಾಲೆಗೆ ಕೊಡದೆ ಖಾತೆಗೆ ಯಾಕೆ ಹಾಕುತ್ತಾರೆ ಅಂತ ಕೇಳಬಹುದು. ಅದಕ್ಕೆ ಕಾರಣ ಒಂದು ಕೋರ್ಟ್ ತೀರ್ಪು. ಮೊದಲು ಅರಿಝೋನಾದಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆ ಮತ್ತು ಸಾಕು ಕುಟುಂಬಗಳಲ್ಲಿ ಬೆಳೆಯುವ ಮಕ್ಕಳಿಗೆ ಖಾಸಗಿ ಶಾಲೆಯ ವೌಚರ್, ಅಂದರೆ ಫೀಸಿಗೆ ಸರ್ಕಾರದ ಹಣ, ಸಿಗುತ್ತಿತ್ತು. 2009ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಸರ್ಕಾರದ ಹಣ ಖಾಸಗಿ ಶಾಲೆಗೆ ನೆರವಾಗಿ ಹೋಗಬಾರದು ಅಂತ ರಾಜ್ಯದ ಸಂವಿಧಾನದಲ್ಲಿದೆ, ವೌಚರ್ ಹಣಕ್ಕೆ ಶಾಲೆ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ. ಹಾಗಾಗಿ 2011ರಲ್ಲಿ ಹೊಸ ವ್ಯವಸ್ಥೆ ಮಾಡಿದರು. ಹಣ ಮಗುವಿನ ಹೆಸರಿನ ಖಾತೆಗೆ ಬರುತ್ತದೆ. ಶಾಲೆ, ಟ್ಯೂಷನ್, ಪುಸ್ತಕ, ಥೆರಪಿ, ಯಾವುದಕ್ಕೆ ಬೇಕಾದರೂ ಅಪ್ಪ-ಅಮ್ಮ ಬಳಸಬಹುದು. 2013ರಲ್ಲಿ ರಾಜ್ಯದ ಮೇಲ್ಮನವಿ ಕೋರ್ಟ್ ಇದನ್ನು ಒಪ್ಪಿತು. ಅಮೆರಿಕದಲ್ಲಿ ಇಂಥ ಖಾತೆ ಮೊದಲು ಬಂದದ್ದು ಇಲ್ಲೇ.

ಶುರುವಿನಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆ ಮಾತ್ರ ಇತ್ತು. ಎಲ್ಲರಿಗೂ ವಿಸ್ತರಿಸುವ ಕಾನೂನನ್ನು 2018ರಲ್ಲಿ ಮತದಾರರೇ ದೊಡ್ಡ ಅಂತರದಿಂದ ತಿರಸ್ಕರಿಸಿದರು. ಆದರೂ 2022ರಲ್ಲಿ ಗವರ್ನರ್ ಡಗ್ ಡ್ಯೂಸಿ ಸಹಿ ಹಾಕಿದ ಹೊಸ ಕಾನೂನು ಎಲ್ಲ ಮಕ್ಕಳಿಗೂ ಬಾಗಿಲು ತೆರೆಯಿತು. ಅದಕ್ಕೆ ಮೊದಲು ಸುಮಾರು 12,000 ಮಕ್ಕಳಿದ್ದರು. 2025ರ ಹೊತ್ತಿಗೆ 80,000 ದಾಟಿತು. ಈಗಿನ ಗವರ್ನರ್ ಕೇಟಿ ಹಾಬ್ಸ್ ಇದಕ್ಕೆ ಮಿತಿ ಹಾಕಬೇಕು ಅನ್ನುತ್ತಾರೆ, ಶಾಸನಸಭೆ ಒಪ್ಪಿಲ್ಲ. ಅಂದರೆ ನಿಯಮಗಳು ಮುಂದೆಯೂ ಬದಲಾಗುತ್ತಿರುತ್ತವೆ. ಈ ಖಾತೆಯ ಕೈಪಿಡಿಯನ್ನು ಪ್ರತಿ ವರ್ಷವೂ ಹೊಸದಾಗಿ ಓದಬೇಕು.

ಊರಲ್ಲಿರುವ ಅಜ್ಜ-ಅಜ್ಜಿಗೆ ಇದನ್ನು ವಿವರಿಸುವಾಗ "ನಮ್ಮ ಆರ್‌ಟಿಇ ಸೀಟಿನ ಥರ" ಅಂತ ಹೇಳಿಬಿಡುತ್ತೇವೆ. ಅಷ್ಟು ಸರಿ ಹೊಂದುವುದಿಲ್ಲ. ಕರ್ನಾಟಕದಲ್ಲಿ 2012ರಿಂದ ಖಾಸಗಿ ಶಾಲೆಗಳ ಶೇ. 25 ಸೀಟು ಬಡ ಮತ್ತು ಹಿಂದುಳಿದ ಮನೆಗಳ ಮಕ್ಕಳಿಗೆ ಮೀಸಲಾಯಿತು. ಸರ್ಕಾರ ಆ ಫೀಸನ್ನು ಶಾಲೆಗೇ ಕಟ್ಟುತ್ತಿತ್ತು. 2019ರಿಂದ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ ಅನ್ನುವ ನಿಯಮ ಬಂತು. ಅರಿಝೋನಾದಲ್ಲಿ ಆದಾಯದ ಮಿತಿ ಇಲ್ಲ, ಸೀಟು ಮೀಸಲೂ ಇಲ್ಲ. ಖಾಸಗಿ ಶಾಲೆ ನಿಮ್ಮ ಮಗುವನ್ನು ಸೇರಿಸಿಕೊಳ್ಳಲೇಬೇಕು ಅನ್ನುವ ಕಟ್ಟುಪಾಡೂ ಇಲ್ಲ. ನೀವು ಶಾಲೆಯನ್ನು ಆರಿಸಬಹುದು, ಶಾಲೆಯೂ ನಿಮ್ಮ ಮಗುವನ್ನು ಆರಿಸುತ್ತದೆ.

ಹಂತ 1: ಇದು ನಿಮಗೆ ಬೇಕೇ ಬೇಕಾ?

ಅರಿಝೋನಾದಲ್ಲಿ ಪುಕ್ಕಟೆ ಶಾಲೆಗಳಲ್ಲೇ ಆಯ್ಕೆ ಜಾಸ್ತಿ. ನಿಮ್ಮ ವಿಳಾಸಕ್ಕೆ ಸೇರಿದ ಸರ್ಕಾರಿ ಶಾಲೆ ಇಷ್ಟವಾಗದಿದ್ದರೆ ಓಪನ್ ಎನ್‌ರೋಲ್‌ಮೆಂಟ್ ಅಡಿ ಬೇರೆ ಶಾಲೆಗೆ, ಬೇರೆ ಶಾಲಾ ಡಿಸ್ಟ್ರಿಕ್ಟ್‌ಗೂ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಕೇಳಬಹುದು. ಜಾಗ ಇದ್ದರೆ ಸಿಗುತ್ತದೆ. 1994ರ ಕಾನೂನಿನಿಂದ ಬಂದ ಚಾರ್ಟರ್ ಶಾಲೆಗಳೂ ಇವೆ. ಬೇಸಿಸ್, ಗ್ರೇಟ್ ಹಾರ್ಟ್ಸ್ ಅಂತ ನಾವು ದಿನವೂ ಮಾತಾಡುವ ಶಾಲೆಗಳು ಈ ಗುಂಪಿಗೆ ಸೇರುತ್ತವೆ. ಅವುಗಳ ಹೆಸರು, ಅಡ್ಮಿಷನ್ ಲಾಟರಿ, ಕಾಯುವ ಪಟ್ಟಿ ನೋಡಿ ಅನೇಕರು ಖಾಸಗಿ ಅಂದುಕೊಳ್ಳುತ್ತಾರೆ. ಅಲ್ಲ. ಚಾರ್ಟರ್ ಅಂದರೆ ಸರ್ಕಾರದ ಹಣದಲ್ಲೇ ನಡೆಯುವ, ಬೋಧನಾ ಶುಲ್ಕವಿಲ್ಲದ ಶಾಲೆ.

ಹಾಗಾಗಿ ಮಗು ಚಾರ್ಟರ್ ಶಾಲೆಯಲ್ಲಿದ್ದರೆ ಈ ಖಾತೆ ತೆರೆಯುವಂತಿಲ್ಲ. ಖಾತೆ ಬೇಕಾದರೆ ಚಾರ್ಟರ್ ಬಿಡಬೇಕು. ಸರ್ಕಾರಿ ಆನ್‌ಲೈನ್ ಶಾಲೆಗೂ ಇದೇ ಮಾತು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಚಾರ್ಟರ್‌ನಲ್ಲೋ ಸರ್ಕಾರಿ ಶಾಲೆಯಲ್ಲೋ ಸ್ನೇಹಿತರ ಜೊತೆ ಖುಷಿಯಾಗಿ ಓದುತ್ತಿರುವ ಮಗುವನ್ನು, ಸುಮ್ನೆ ಸರ್ಕಾರ ದುಡ್ಡು ಕೊಡುತ್ತೆ ಅಂತ ಅಲ್ಲಿಂದ ಎಬ್ಬಿಸಬೇಡಿ. ಮಗುವಿಗೆ ಇರುವ ಶಾಲೆ ಹೊಂದುತ್ತಿಲ್ಲ ಅನ್ನುವುದಕ್ಕೆ ಸ್ಪಷ್ಟ ಕಾರಣ ಇದ್ದರೆ, ಅಥವಾ ಈಗಾಗಲೇ ಖಾಸಗಿ ಶಾಲೆಗೆ ನಿಮ್ಮ ಕೈಯಿಂದ ಫೀಸು ಕಟ್ಟುತ್ತಿದ್ದರೆ, ಮುಂದೆ ಓದಿ.

ಹಂತ 2: ಒಪ್ಪಂದವನ್ನು ಸಾಲು ಸಾಲಾಗಿ ಓದಿ

ಖಾತೆ ನಡೆಸುವುದು ಅರಿಝೋನಾ ಶಿಕ್ಷಣ ಇಲಾಖೆ. ಅದರ ಜೊತೆ ನೀವು ಮಾಡಿಕೊಳ್ಳುವ ಒಪ್ಪಂದದಲ್ಲಿ ಮುಖ್ಯವಾಗಿ ಈ ಮಾತುಗಳಿರುತ್ತವೆ.

ಮೊದಲನೆಯದು, ಓದು, ವ್ಯಾಕರಣ, ಗಣಿತ, ಸಮಾಜ, ವಿಜ್ಞಾನ ಈ ಐದು ವಿಷಯಗಳನ್ನಾದರೂ ಮಗುವಿಗೆ ಕಲಿಸಬೇಕು, ಖಾತೆಯ ಹಣದಲ್ಲಿ ಒಂದು ಪಾಲು ಅದಕ್ಕೇ ಹೋಗಬೇಕು. ಮನೆಯಲ್ಲೇ ಕಲಿಸುವವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ಬರೀ ರೋಬೋಟಿಕ್ಸ್ ಕ್ಲಾಸಿಗೆ, ಈಜಿಗೆ ಖರ್ಚು ಮಾಡಿ ಮುಗಿಸುವಂತಿಲ್ಲ.

ಎರಡನೆಯದು, ಮಗುವನ್ನು ಸರ್ಕಾರಿ ಅಥವಾ ಚಾರ್ಟರ್ ಶಾಲೆಗೆ ಪೂರ್ಣಾವಧಿ ಸೇರಿಸುವುದಿಲ್ಲ ಅಂತ ಒಪ್ಪಿಕೊಳ್ಳುತ್ತೀರಿ.

ಮೂರನೆಯದು ಎಲ್ಲಕ್ಕಿಂತ ಭಾರದ್ದು. ಮಗುವಿಗೆ ಶಿಕ್ಷಣ ಕೊಡುವ ಹೊಣೆಯಿಂದ ನಿಮ್ಮ ಶಾಲಾ ಡಿಸ್ಟ್ರಿಕ್ಟನ್ನು ಬಿಡುಗಡೆ ಮಾಡುತ್ತೀರಿ. ಅಲ್ಲಿಂದ ಮುಂದೆ ಆ ಹೊಣೆ ನಿಮ್ಮದು. ಖಾಸಗಿ ಶಾಲೆ ವರ್ಷದ ಮಧ್ಯೆ ಮುಚ್ಚಿದರೆ, ಮಗುವನ್ನು ಹೊರಗೆ ಕಳಿಸಿದರೆ, ಟೀಚರ್ ಬಿಟ್ಟುಹೋದರೆ, ದಾರಿ ಹುಡುಕಬೇಕಾದವರು ನೀವು.

ನಾಲ್ಕನೆಯದು, ಟ್ಯೂಷನ್ ಆರ್ಗನೈಸೇಷನ್ ಅನ್ನುವ ಸಂಸ್ಥೆಗಳು, ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುವ ದೇಣಿಗೆಯಿಂದ ಖಾಸಗಿ ಶಾಲೆಯ ಮಕ್ಕಳಿಗೆ ಕೊಡುವ ಸ್ಕಾಲರ್‌ಶಿಪ್ಪನ್ನು ಇದೇ ಹೊತ್ತಿಗೆ ತೆಗೆದುಕೊಳ್ಳುವಂತಿಲ್ಲ. ಎರಡರಲ್ಲಿ ಒಂದು. ಕೆಲವು ಮನೆಗಳಿಗೆ ಆ ಸ್ಕಾಲರ್‌ಶಿಪ್ಪೇ ಲಾಭ. ಹೋಗಬೇಕೆಂದಿರುವ ಖಾಸಗಿ ಶಾಲೆಯ ಆಫೀಸಿನಲ್ಲಿ ಎರಡರ ಲೆಕ್ಕವನ್ನೂ ಕೇಳಿ ಹೋಲಿಸಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಅರಿಝೋನಾದಲ್ಲಿ ಹೋಮ್‌ಸ್ಕೂಲ್ ಮಾಡುವವರು ಕೌಂಟಿಯ ಶಾಲಾ ಸೂಪರಿಂಟೆಂಡೆಂಟ್ ಆಫೀಸಿಗೆ ಒಂದು ಅಫಿಡವಿಟ್ ಕೊಡುತ್ತಾರೆ. ಈ ಖಾತೆಯ ಹಣದಲ್ಲಿ ಮನೆಯಲ್ಲಿ ಕಲಿಯುವ ಮಗು ಕಾನೂನಿನ ಪ್ರಕಾರ ಹೋಮ್‌ಸ್ಕೂಲ್ ಮಗು ಅಲ್ಲ. ಹಾಗಾಗಿ ಆ ಅಫಿಡವಿಟ್ ಇದ್ದರೆ ಅದನ್ನು ಹಿಂದಕ್ಕೆ ಪಡೆಯಬೇಕು. ಎರಡೂ ಇಟ್ಟುಕೊಂಡರೆ ತೊಂದರೆ.

ಹಂತ 3: ವಿಶೇಷ ಅಗತ್ಯದ ಮಗುವಾದರೆ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ

ಈ ಖಾತೆ ಹುಟ್ಟಿದ್ದೇ ಇಂಥ ಮಕ್ಕಳಿಗಾಗಿ. ಇವತ್ತಿಗೂ ಜಾಸ್ತಿ ನೆರವಾಗುವುದು ಅವರಿಗೇ ಅಂತ ನನಗನ್ನಿಸುತ್ತದೆ. ಆಟಿಸಂ ಅಥವಾ ಇನ್ನೂ ಗಂಭೀರ ತೊಂದರೆಗಳಿದ್ದರೆ ವರ್ಷದ ಮೊತ್ತ 30,000 ಡಾಲರ್ ದಾಟುವುದೂ ಉಂಟು. ಹಾಗೆಯೇ ಜಾಸ್ತಿ ಕಳೆದುಕೊಳ್ಳುವ ಸಾಧ್ಯತೆ ಇರುವುದೂ ಇದೇ ಮಕ್ಕಳಿಗೆ.

ಸರ್ಕಾರಿ ಶಾಲೆಯಲ್ಲಿ ಇರುವಷ್ಟು ದಿನ ಐಡಿಇಎ ಅನ್ನುವ ಕೇಂದ್ರ ಕಾನೂನು ಮಗುವಿನ ಬೆನ್ನಿಗಿರುತ್ತದೆ. ಮಗುವಿಗೆ ತಕ್ಕ ಶಿಕ್ಷಣವನ್ನು ಪುಕ್ಕಟೆ ಕೊಡುವುದು ಶಾಲೆಯ ಕರ್ತವ್ಯ. ಐಇಪಿ ಅನ್ನುವ, ಆ ಮಗುವಿಗೆಂದೇ ಬರೆದ ಕಲಿಕೆಯ ಯೋಜನೆಯಲ್ಲಿ ವಾರಕ್ಕೆ ಇಷ್ಟು ಸ್ಪೀಚ್ ಥೆರಪಿ ಅಂತ ಇದ್ದರೆ ಕೊಡಲೇಬೇಕು. ಕೊಡದಿದ್ದರೆ ದೂರು ಕೊಡಬಹುದು, ವಿಚಾರಣೆ ಕೇಳಬಹುದು. ಖಾತೆಯ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಆ ಹಕ್ಕು ನಿಲ್ಲುತ್ತದೆ. ಖಾಸಗಿ ಶಾಲೆ ಐಇಪಿಯನ್ನು ಪಾಲಿಸಬೇಕಾಗಿಲ್ಲ.

ಹಾಗಾಗಿ ಶಾಲೆ ಬಿಡುವ ಮೊದಲು ಈ ಕೆಲಸ ಮಾಡಿ.

ಮಗುವಿನ ಮೌಲ್ಯಮಾಪನ ಆಗಿಲ್ಲದಿದ್ದರೆ ಡಿಸ್ಟ್ರಿಕ್ಟ್‌ಗೆ ಬರವಣಿಗೆಯಲ್ಲಿ ಕೇಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ, ಇಮೇಲ್ ಕಳಿಸಿ. ನೀವು ಒಪ್ಪಿಗೆ ಕೊಟ್ಟ ದಿನದಿಂದ 60 ದಿನದೊಳಗೆ ಅವರು ಮುಗಿಸಬೇಕು. ಹಲವು ತಜ್ಞರು ಸೇರಿ ಬರೆಯುವ ಆ ವರದಿಯನ್ನು ಇಲ್ಲಿ ಎಂಇಟಿ ಅನ್ನುತ್ತಾರೆ. ಖಾತೆಗೆ ಎಷ್ಟು ಹಣ ಅನ್ನುವುದು ಮಗು ವಿಶೇಷ ಅಗತ್ಯದ ಯಾವ ವರ್ಗಕ್ಕೆ ಸೇರುತ್ತದೆ ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ವರದಿಯಲ್ಲಿ ವರ್ಗ ಸರಿಯಾಗಿ ನಮೂದಾಗಿದೆಯಾ ಅಂತ ಮೀಟಿಂಗ್‌ನಲ್ಲೇ ನೋಡಿ. ಮಗುವಿನ ಡಾಕ್ಟರ್ ಬರೆದ ಚೀಟಿ ಇದ್ದ ಮಾತ್ರಕ್ಕೆ ಹೆಚ್ಚಿನ ಮೊತ್ತ ಸಿಗುವುದಿಲ್ಲ. ಖಾಸಗಿ ಶಾಲೆಯಲ್ಲಿರುವ ಮಗುವಿಗೂ ಈ ಮೌಲ್ಯಮಾಪನವನ್ನು ಡಿಸ್ಟ್ರಿಕ್ಟ್ ಉಚಿತವಾಗಿ ಮಾಡಬೇಕು ಅನ್ನುವುದು ಗೊತ್ತಿರಲಿ.

ಆಮೇಲೆ ಒಂದು ಹಾಳೆ ತಗೊಳ್ಳಿ. ಈಗ ಶಾಲೆ ಪುಕ್ಕಟೆ ಕೊಡುತ್ತಿರುವುದನ್ನೆಲ್ಲ ಎಡಗಡೆ ಬರೆಯಿರಿ. ಸ್ಪೀಚ್, ಆಕ್ಯುಪೇಷನಲ್ ಥೆರಪಿ, ತರಗತಿಯಲ್ಲಿ ಪಕ್ಕದಲ್ಲಿರುವ ಸಹಾಯಕಿ, ಶಾಲೆಯ ವಾಹನ. ಬಲಗಡೆ, ಹೊರಗೆ ಅದೇ ಸೇವೆಗೆ ಎಷ್ಟಾಗುತ್ತದೆ ಅಂತ ಬರೆಯಿರಿ. ಉದಾಹರಣೆಗೆ ಒಂದು ಸೆಷನ್ನಿಗೆ 100 ಡಾಲರ್ ಅಂತಿಟ್ಟುಕೊಳ್ಳೋಣ. ವಾರಕ್ಕೆ ಮೂರು ಸೆಷನ್, ಶಾಲೆಯ ವರ್ಷಕ್ಕೆ 36 ವಾರ. ಅಲ್ಲಿಗೇ 10,800 ಡಾಲರ್ ಆಯಿತು, ಶಾಲೆಯ ಫೀಸು ಇನ್ನೂ ಸೇರಿಲ್ಲ. ಈ ಲೆಕ್ಕ ಸರಿಹೋದರೆ, ಮಗುವನ್ನು ಅರ್ಥಮಾಡಿಕೊಳ್ಳುವ ಶಾಲೆ ಸಿಕ್ಕಿದ್ದರೆ, ಧೈರ್ಯವಾಗಿ ಮುಂದೆ ಹೋಗಿ. ತುಂಬಿದ ತರಗತಿಯ ಗದ್ದಲದಲ್ಲಿ ದಿನವೂ ಅತ್ತು ಮನೆಗೆ ಬರುವ ಮಗುವಿಗೆ ಸಣ್ಣ ಶಾಲೆ ಎಷ್ಟು ದೊಡ್ಡ ಸಮಾಧಾನ ಅನ್ನುವುದು ಅಂಥ ಮಗುವನ್ನು ಬೆಳೆಸಿದವರಿಗೆ ಗೊತ್ತು.

ಹಂತ 4: ಶಾಲೆ ನೋಡಿ, ಹಣದ ಲೆಕ್ಕ ಹಾಕಿ

ರಾಜ್ಯ ಒಂದು ಚಾರ್ಟರ್ ಶಾಲೆಗೆ ಆ ಮಗುವಿನ ಲೆಕ್ಕದಲ್ಲಿ ಎಷ್ಟು ಕೊಡುತ್ತಿತ್ತೋ ಅದರ ಸುಮಾರು ಶೇ. 90 ಈ ಖಾತೆಗೆ ಬರುತ್ತದೆ. ಕಿಂಡರ್‌ಗಾರ್ಟನ್ ಮಗುವಿಗೆ ಹೆಚ್ಚುಕಮ್ಮಿ ಅರ್ಧ ಮಾತ್ರ. ಇಬ್ಬರು ಮಕ್ಕಳಿದ್ದರೆ ಎರಡು ಖಾತೆ. ಒಬ್ಬರ ಹಣ ಇನ್ನೊಬ್ಬರಿಗೆ ಬಳಸುವಂತಿಲ್ಲ.

ಶಾಲೆಯ ಫೀಸು 12,000, ಖಾತೆಗೆ ಬರುವುದು 7,500 ಅಂತಿಟ್ಟುಕೊಳ್ಳಿ. 4,500 ಕೈಯಿಂದ. ಇದು ಎಲ್ಲರೂ ಮಾಡುವ ಲೆಕ್ಕ. ಮಾಡದೆ ಬಿಡುವ ಲೆಕ್ಕ ತಾರೀಖಿನದ್ದು. ಹಣ ಒಂದೇ ಸಲ ಬರುವುದಿಲ್ಲ, ಮೂರು ತಿಂಗಳಿಗೊಮ್ಮೆ ನಾಲ್ಕು ಕಂತಿನಲ್ಲಿ ಬರುತ್ತದೆ. ವರ್ಷ ಶುರುವಾಗುವುದು ಜುಲೈಯಲ್ಲಿ. ಆದರೆ ಬಹಳಷ್ಟು ಖಾಸಗಿ ಶಾಲೆಗಳು ಸೀಟು ಕಾಯ್ದಿರಿಸಲು ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಡಿಪಾಸಿಟ್ ಕೇಳುತ್ತವೆ. ಕೆಲವು ಶಾಲೆಗಳು ಅರ್ಧ ವರ್ಷದ ಫೀಸನ್ನು ಶುರುವಿನಲ್ಲೇ ಕೇಳುತ್ತವೆ. ಹಾಗಾಗಿ ಆಫೀಸಿನಲ್ಲಿ ಮೊದಲು ಕೇಳಬೇಕಾದ್ದು, "ಇಎಸ್‌ಎ ಕಂತಿನ ಪ್ರಕಾರವೇ ಫೀಸು ತಗೊಳ್ತೀರಾ? ಕಂತು ತಡವಾದರೆ ದಂಡ ಹಾಕ್ತೀರಾ?" ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಊಟ, ಶಾಲೆಯ ನಂತರದ ಡೇಕೇರ್, ಪ್ರವಾಸ, ಇವಕ್ಕೆ ನಿಮ್ಮ ಕೈಯಿಂದ ಎತ್ತಿಡಿ. ಬಸ್ ಇಲ್ಲದ ಶಾಲೆಗಳೇ ಜಾಸ್ತಿ. ಬೆಳಗ್ಗೆ, ಸಂಜೆ ಡ್ರೈವ್ ಮಾಡುವವರು ಯಾರು? ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಫೀಸಿಗಿಂತ ಇದೇ ದೊಡ್ಡ ತಲೆನೋವು.

ಇನ್ನು ಶಾಲೆಯ ಗುಣಮಟ್ಟ. ಸರ್ಕಾರಿ ಶಾಲೆಗೆ ರಾಜ್ಯ ಎ ಇಂದ ಎಫ್ ತನಕ ಗ್ರೇಡ್ ಕೊಡುತ್ತದೆ. ಖಾಸಗಿ ಶಾಲೆಗೆ ಅಂಥ ಗ್ರೇಡ್ ಇಲ್ಲ. ಅಲ್ಲಿನ ಮಕ್ಕಳು ರಾಜ್ಯದ ಪರೀಕ್ಷೆ ಬರೆಯಬೇಕಾಗಿಯೂ ಇಲ್ಲ. ಪರಿಶೀಲಿಸುವ ಕೆಲಸ ಪೂರ್ತಿ ನಿಮ್ಮ ತಲೆಯ ಮೇಲೆ. ಶಾಲೆಗೆ ಮಾನ್ಯತೆ ಇದೆಯಾ, ಯಾರು ಕೊಟ್ಟದ್ದು? ಹೈಸ್ಕೂಲ್ ಆದರೆ ಅಲ್ಲಿನ ಕ್ರೆಡಿಟ್ಟನ್ನು ಕಾಲೇಜುಗಳು ಒಪ್ಪುತ್ತವಾ? ಟೀಚರ್‌ಗಳು ಏನು ಓದಿದ್ದಾರೆ, ಎಷ್ಟು ವರ್ಷದಿಂದ ಇದ್ದಾರೆ? ಯಾವುದಾದರೂ ರಾಷ್ಟ್ರಮಟ್ಟದ ಪರೀಕ್ಷೆ ಬರೆಸುತ್ತಾರಾ, ಫಲಿತಾಂಶ ತೋರಿಸುತ್ತಾರಾ? ಧಾರ್ಮಿಕ ಶಾಲೆಯಾದರೆ ಪ್ರಾರ್ಥನೆ, ಧರ್ಮದ ಪಾಠ ಎಲ್ಲ ಮಕ್ಕಳಿಗೂ ಕಡ್ಡಾಯವಾ? ಇಲ್ಲಿನ ಖಾಸಗಿ ಶಾಲೆಗಳಲ್ಲಿ ಧಾರ್ಮಿಕ ಶಾಲೆಗಳು ಬಹಳ. ಸೇರಿಸಿದ ಮೇಲೆ ಮುಜುಗರಪಡುವುದಕ್ಕಿಂತ ಮೊದಲೇ ಕೇಳುವುದು ಒಳ್ಳೆಯದು, ಅಲ್ವಾ? ಒಂದು ದಿನ ಮಗುವನ್ನು ತರಗತಿಯಲ್ಲಿ ಕೂರಿಸಿ ನೋಡಲು ಬಿಡುತ್ತಾರಾ ಅಂತಲೂ ಕೇಳಿ. ಮಗು ಮನೆಗೆ ಬಂದು ಹೇಳುವ ಮಾತಿಗೆ ಬೆಲೆ ಕೊಡಿ.

ಅಡ್ಮಿಷನ್ ಪತ್ರ ಕೈಗೆ ಬರುವ ತನಕ ಹಳೆಯ ಶಾಲೆ ಬಿಡಬೇಡಿ.

ಹಂತ 5: ಅರ್ಜಿ

ಅರ್ಜಿ ಶಿಕ್ಷಣ ಇಲಾಖೆಯ ಇಎಸ್‌ಎ ಪೋರ್ಟಲ್‌ನಲ್ಲಿ. ವರ್ಷವಿಡೀ ತೆಗೆದುಕೊಳ್ಳುತ್ತಾರೆ. ಮಗು ಅರಿಝೋನಾ ನಿವಾಸಿಯಾಗಿರಬೇಕು, ಕಿಂಡರ್‌ಗಾರ್ಟನ್ ವಯಸ್ಸು ಆಗಿರಬೇಕು. ವಿಶೇಷ ಅಗತ್ಯ ಇದ್ದರೆ ಪ್ರಿಸ್ಕೂಲ್ ಮಕ್ಕಳಿಗೂ ಅವಕಾಶವಿದೆ. ಬೇಕಾಗುವ ಕಾಗದ: ಮಗುವಿನ ಜನನ ಪ್ರಮಾಣಪತ್ರ, ಅಪ್ಪ ಅಥವಾ ಅಮ್ಮನ ಗುರುತಿನ ಚೀಟಿ, ಅರಿಝೋನಾ ವಿಳಾಸದ ಪುರಾವೆ. ವಿಶೇಷ ಅಗತ್ಯದ ಮಕ್ಕಳಿಗಾದರೆ ಎಂಇಟಿ, ಐಇಪಿ ಅಥವಾ 504 ಪ್ಲಾನ್ (ತರಗತಿಯಲ್ಲಿ ಮಗುವಿಗೆ ಬೇಕಾದ ಅನುಕೂಲಗಳನ್ನು ಶಾಲೆ ಬರೆದುಕೊಡುವ ಯೋಜನೆ).

ಮಗು ಊರಲ್ಲಿ ಹುಟ್ಟಿದ್ದರೆ ಜನನ ಪ್ರಮಾಣಪತ್ರವನ್ನು ಒಮ್ಮೆ ತೆಗೆದು ನೋಡಿ. ಆಸ್ಪತ್ರೆಯಿಂದ ಬಂದ ಕೂಡಲೇ ಮಾಡಿಸಿದ ಪ್ರಮಾಣಪತ್ರದಲ್ಲಿ ಅನೇಕ ಸಲ ಮಗುವಿನ ಹೆಸರೇ ಇರುವುದಿಲ್ಲ. ನಾಮಕರಣ ಆಮೇಲೆ ತಾನೇ! ಆ ಜಾಗ ಖಾಲಿ ಇದ್ದರೆ ಊರಿನವರಿಂದ ಹೆಸರು ಸೇರಿಸಿಸಿ ಹೊಸ ಪ್ರತಿ ತರಿಸಿಕೊಳ್ಳಿ. ಇನ್ನು ನಮ್ಮ ಇನಿಷಿಯಲ್ ಕಥೆ. ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿನ ಮುಂದೆ ಊರು ಮತ್ತು ತಾತನ ಹೆಸರಿನ ಮೊದಲ ಅಕ್ಷರ, ಪಾಸ್‌ಪೋರ್ಟ್‌ನಲ್ಲಿ ಅದೇ ಬಿಡಿಸಿ ಬರೆದ ಪೂರ್ತಿ ಹೆಸರು, ಡ್ರೈವಿಂಗ್ ಲೈಸೆನ್ಸಿನಲ್ಲಿ ಮೂರನೇ ಥರ. ಅರ್ಜಿ ನೋಡುವವರಿಗೆ ಇದು ಒಬ್ಬರೇ ಅಂತ ಗೊತ್ತಾಗುವುದು ಹೇಗೆ? ಹಾಗಿದ್ದರೆ ಎರಡೂ ಹೆಸರು ಕಾಣುವ ಇನ್ನೊಂದು ದಾಖಲೆಯನ್ನು ಜೊತೆಗೆ ಕೊಡಿ.

ಪೂರ್ತಿ ಅರ್ಜಿ ಸಿಕ್ಕ ಮೇಲೆ ಇಲಾಖೆಗೆ 30 ದಿನ ಸಮಯ. ಕಾಗದ ಕಮ್ಮಿ ಇದ್ದರೆ ಮತ್ತೆ ಕಳಿಸಲು ಹೇಳುತ್ತಾರೆ, ಆ ಇಮೇಲ್ ಸ್ಪ್ಯಾಮ್‌ಗೆ ಹೋಗಿರಬಹುದು, ನೋಡುತ್ತಿರಿ. ಆಗಸ್ಟಿನಲ್ಲಿ ಶಾಲೆ ಶುರುವಾಗುವುದಾದರೆ ಏಪ್ರಿಲ್–ಮೇನಲ್ಲೇ ಹಾಕಿಬಿಡಿ. ತಡವಾಗಿ ಸೇರಿದವರಿಗೆ ಕಳೆದುಹೋದ ಕಂತು ಸಿಗುವುದಿಲ್ಲ.

ಒಪ್ಪಿಗೆ ಬಂದು, ಒಪ್ಪಂದ ಜಾರಿಯಾಗುವ ಹೊತ್ತಿಗೆ ಮಗುವಿನ ಹೆಸರು ಹಳೆಯ ಶಾಲೆಯಲ್ಲಿ ಇರಬಾರದು. ಶಾಲೆ ಬಿಟ್ಟ ಫಾರಂ ಬರೆದುಕೊಟ್ಟು, ತಾರೀಖು ಹಾಕಿದ ಪ್ರತಿ ಇಟ್ಟುಕೊಳ್ಳಿ. ಹೆಸರು ಎರಡೂ ಕಡೆ ಇದ್ದರೆ ಹಣ ತಡೆಹಿಡಿಯುತ್ತಾರೆ.

ಹಂತ 6: ಖರ್ಚು ಮಾಡುವುದು, ಲೆಕ್ಕ ಇಡುವುದು

ಹಣ ನಿಮ್ಮ ಬ್ಯಾಂಕಿಗೆ ಬರುವುದಿಲ್ಲ. ಕ್ಲಾಸ್‌ವಾಲೆಟ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಇರುತ್ತದೆ. ಅಲ್ಲಿಂದ ಶಾಲೆಗೋ ಟ್ಯೂಟರ್‌ಗೋ ನೇರವಾಗಿ ಪಾವತಿಸಬಹುದು, ಅದರೊಳಗಿನ ಅಂಗಡಿಗಳಲ್ಲಿ ಕೊಳ್ಳಬಹುದು, ಅಥವಾ ನೀವೇ ಕೊಂಡು ಆಮೇಲೆ ಬಿಲ್ ಹಾಕಿ ವಾಪಸ್ ಪಡೆಯಬಹುದು. ಹೊಸಬರು ಮೊದಲನೆಯ ದಾರಿಯಲ್ಲೇ ಆದಷ್ಟು ಇರಿ. ಮೂರನೆಯದರಲ್ಲಿ ಕಾಯಬೇಕು, ತಿರಸ್ಕಾರವಾದರೆ ನಿಮ್ಮ ದುಡ್ಡು ಹೋಯಿತು.

ಶಾಲೆಯ ಫೀಸು, ಶಾಲೆಯ ಮೂಲಕ ಕೊಳ್ಳುವ ಯೂನಿಫಾರ್ಮ್, ಪಠ್ಯಪುಸ್ತಕ, ಪಠ್ಯಕ್ರಮ, ಟ್ಯೂಷನ್, ಪರೀಕ್ಷಾ ಶುಲ್ಕ, ಥೆರಪಿ, ಇವು ಸಲ್ಲುತ್ತವೆ. ಓದಿಗೆ ಬೇಕಾದ ಕಂಪ್ಯೂಟರ್ ಕೂಡ ಸಲ್ಲುತ್ತದೆ. ಟಿವಿ, ಫೋನು, ವಿಡಿಯೋ ಗೇಮ್, ಹೋಮ್ ಥಿಯೇಟರ್ ಸಲ್ಲುವುದಿಲ್ಲ ಅಂತ ಕಾನೂನಿನಲ್ಲೇ ಇದೆ.

ತಕರಾರು ಬರುವುದು ನಡುವಿನ ವಸ್ತುಗಳಿಗೆ. ಜೀವಕೋಶದ ಪ್ಲಾಸ್ಟಿಕ್ ಮಾದರಿ ತಗೊಳ್ಳಿ. ಮನೆಯಲ್ಲಿ ಕಲಿಸುವವರು ಏಳನೇ ತರಗತಿಯ ಮಗುವಿಗೆ ಒಂದು ಕೊಂಡರು. ಓದಿನ ವಸ್ತುವೇ, ಯಾರೂ ಅಲ್ಲ ಅನ್ನುವುದಿಲ್ಲ. ಆದರೂ ಬಿಲ್ ಜೊತೆ ಪಠ್ಯಕ್ರಮದ ಪುಟವೂ ಇರಲಿ: ಜೀವಕೋಶದ ಪಾಠ ಎಲ್ಲಿದೆ, ಆ ಪಾಠಕ್ಕೆ ಮಾದರಿ ಬೇಕು ಅಂತ ಎಲ್ಲಿ ಹೇಳಿದೆ, ಆ ಸಾಲಿಗೆ ಗುರುತು ಹಾಕಿ ಸ್ಕ್ಯಾನ್ ಮಾಡಿ. 2024ರ ಜುಲೈಯಲ್ಲಿ ರಾಜ್ಯದ ಅಟಾರ್ನಿ ಜನರಲ್ ಕ್ರಿಸ್ ಮೇಯ್ಸ್, ಇಂಥ ಪೂರಕ ಸಾಮಗ್ರಿಗೆ ಪಠ್ಯಕ್ರಮದ ಆಧಾರ ಇರಬೇಕು ಅಂತ ಇಲಾಖೆಗೆ ಪತ್ರ ಬರೆದರು. ಅದರ ಮೇಲೆ ಕೋರ್ಟ್ ಕೇಸೂ ಆಯಿತು. ಬಿಲ್ ಹಾಕಿ ಹಣ ವಾಪಸ್ ಕೇಳುವ ಅರ್ಜಿಗಳು ಗುಡ್ಡೆ ಬಿದ್ದ ಮೇಲೆ, ಅದೇ ವರ್ಷದ ಕೊನೆಗೆ ಶಿಕ್ಷಣ ಸೂಪರಿಂಟೆಂಡೆಂಟ್ ಟಾಮ್ ಹಾರ್ನ್, 2,000 ಡಾಲರ್‌ಗಿಂತ ಕಮ್ಮಿಯ ವಾಪಸಾತಿಗಳನ್ನು ತಾನಾಗಿ ಒಪ್ಪಿ, ನಂತರ ಆಡಿಟ್ ಮಾಡುವ ಪದ್ಧತಿ ತಂದರು.

ಇದನ್ನು ತಪ್ಪಾಗಿ ತಿಳಿಯಬೇಡಿ. ತಾನಾಗಿ ಒಪ್ಪಿಗೆ ಆಯಿತು ಅಂದರೆ ಖರ್ಚು ಸರಿ ಅಂತಲ್ಲ. ಆಡಿಟ್‌ನಲ್ಲಿ ಸಲ್ಲದು ಅಂತ ಬಂದರೆ ಹಣ ವಾಪಸ್ ಕಟ್ಟಬೇಕು. ಖಾತೆ ಅಮಾನತಾಗಬಹುದು. ಬೇಕೆಂದೇ ಮಾಡಿದ್ದಾದರೆ ಪೊಲೀಸ್ ಕೇಸು. ವೀಸಾದ ಮೇಲಿರುವ ಮನೆಗೆ ಅಂಥದ್ದೊಂದು ಕೇಸು ಏನು ಮಾಡಬಲ್ಲದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಖಾತೆಯಲ್ಲಿ ಕೊಂಡ ವಸ್ತುವನ್ನು ಮಾರಬೇಡಿ, ಹಿಂದಿರುಗಿಸಿ ನಗದು ಪಡೆಯಬೇಡಿ. ಅಪ್ಪ-ಅಮ್ಮ ತಾವೇ ಕಲಿಸಿ ತಮಗೇ ಸಂಬಳ ಕೊಟ್ಟುಕೊಳ್ಳುವಂತಿಲ್ಲ.

ಸಂಗೀತ, ನೃತ್ಯದ ಬಗ್ಗೆ ನಮ್ಮವರು ತುಂಬಾ ಕೇಳುತ್ತಾರೆ. ಮಗಳು ಪಿಟೀಲು ಕಲಿಯುವ ಆಂಟಿ ತಿಂಗಳಿಗೆ ನಗದು ತಗೊಳ್ಳುತ್ತಾರೆ, ರಸೀದಿ ಇಲ್ಲ ಅಂದರೆ ಅದನ್ನು ಇಲ್ಲಿಗೆ ತರಬೇಡಿ. ಕಲಿಸುವವರು ತಮ್ಮ ಅರ್ಹತೆಯ ದಾಖಲೆ ಕೊಡಬೇಕು. ಇನ್‌ವಾಯ್ಸ್‌ನಲ್ಲಿ ಮಗುವಿನ ಹೆಸರು, ವಿಷಯ, ತಾರೀಖು, ಎಷ್ಟು ಗಂಟೆ, ಎಷ್ಟು ದರ ಎಲ್ಲ ಇರಬೇಕು. ಇಷ್ಟು ಕೊಡಲು ಅವರು ಸಿದ್ಧರಿದ್ದರೆ ಇಲಾಖೆಗೆ ಮೊದಲೇ ಬರೆದು ಕೇಳಿ, ಉತ್ತರ ಬಂದ ಮೇಲೆ ಖರ್ಚು ಮಾಡಿ.

ಪ್ರತಿ ಕಂತಿಗೂ ಒಂದು ಫೋಲ್ಡರ್ ಮಾಡಿ. ಬಿಲ್, ಪಾವತಿಯ ಪುರಾವೆ, ಪಠ್ಯಕ್ರಮದ ಪುಟ, ಇಲಾಖೆಯ ಜೊತೆಗಿನ ಇಮೇಲ್. ರಾತ್ರಿ ಹತ್ತು ನಿಮಿಷದ ಕೆಲಸ. ವರ್ಷದ ಕೊನೆಗೆ ಒಟ್ಟಿಗೆ ಹುಡುಕಲು ಕೂತರೆ ಅರ್ಧ ಬಿಲ್ ಸಿಗುವುದೇ ಇಲ್ಲ.

ಯಾವುದಾದರೂ ಖರ್ಚು ತಿರಸ್ಕಾರವಾದರೆ ಕಾರಣ ಬರವಣಿಗೆಯಲ್ಲಿ ಕೇಳಿ. ಇಲಾಖೆಯ ತೀರ್ಮಾನ ಸರಿಯಲ್ಲ ಅನ್ನಿಸಿದರೆ ರಾಜ್ಯದ ಶಿಕ್ಷಣ ಮಂಡಳಿಗೆ ಮೇಲ್ಮನವಿ ಹಾಕಬಹುದು. ಅದಕ್ಕೆ ಗಡುವು ಇರುತ್ತದೆ, ಪತ್ರ ಬಂದ ದಿನವೇ ತಾರೀಖು ಗುರುತು ಹಾಕಿಕೊಳ್ಳಿ.

ಹಂತ 7: ವರ್ಷ ಉರುಳಿದ ಮೇಲೆ

ಒಪ್ಪಂದವನ್ನು ಪ್ರತಿ ವರ್ಷ ನವೀಕರಿಸಬೇಕು. ಉಳಿದ ಹಣ ಮುಂದಿನ ವರ್ಷಕ್ಕೆ ಹೋಗುತ್ತದೆ. ಹೈಸ್ಕೂಲ್ ಮುಗಿದ ಮೇಲೂ ಉಳಿದಿದ್ದರೆ ಕಾಲೇಜಿನ ಫೀಸಿಗೆ ಬಳಸಲು ದಾರಿ ಇದೆ.

ಗ್ರೀನ್ ಕಾರ್ಡ್ ಅರ್ಜಿ ನಡೆಯುತ್ತಿರುವವರು, ಸರ್ಕಾರದ ಯಾವುದೇ ನೆರವು ತೆಗೆದುಕೊಳ್ಳುವ ಮೊದಲು ಕೇಳುವ ಹಾಗೆ ಇದನ್ನೂ ನಿಮ್ಮ ಇಮಿಗ್ರೇಷನ್ ವಕೀಲರಿಗೆ ಒಂದು ಇಮೇಲ್ ಹಾಕಿ ಕೇಳಿ. ವಾಟ್ಸ್‌ಆ್ಯಪ್ ಗುಂಪಿನ ಉತ್ತರದ ಮೇಲೆ ನಿರ್ಧಾರ ಮಾಡಬೇಡಿ.

ಕೆಲಸ ಬದಲಾಗಿ ಬೇರೆ ರಾಜ್ಯಕ್ಕೆ ಹೋದರೆ ಅರಿಝೋನಾದ ಖಾತೆ ಅಲ್ಲಿಗೆ ಬರುವುದಿಲ್ಲ. ಇಲಾಖೆಗೆ ತಿಳಿಸಿ ಮುಚ್ಚಬೇಕು. ಫ್ಲಾರಿಡಾದಲ್ಲಿ 2023ರಿಂದ ಎಲ್ಲ ಮಕ್ಕಳಿಗೂ ಇಂಥದ್ದೇ ಯೋಜನೆ ಇದೆ, ಅಲ್ಲಿ ಅರ್ಜಿ ಹಾಕುವುದು ಸರ್ಕಾರಕ್ಕಲ್ಲ, ಸ್ಟೆಪ್ ಅಪ್ ಫಾರ್ ಸ್ಟೂಡೆಂಟ್ಸ್‌ನಂಥ ಸಂಸ್ಥೆಗಳಿಗೆ. ಟೆಕ್ಸಸ್ 2025ರ ಮೇನಲ್ಲಿ ಕಾನೂನು ಮಾಡಿತು. 100 ಕೋಟಿ ಡಾಲರ್ ಎತ್ತಿಟ್ಟು 2026–27ರ ಶಾಲಾ ವರ್ಷದಿಂದ ಶುರು ಮಾಡುವುದು ಅದರ ಯೋಜನೆ. ಅರಿಝೋನಾದ ಹಾಗೆ ಅರ್ಜಿ ಹಾಕಿದವರಿಗೆಲ್ಲ ಅಲ್ಲಿ ಸಿಗುವುದಿಲ್ಲ. ಹಣಕ್ಕಿಂತ ಅರ್ಜಿ ಜಾಸ್ತಿಯಾದರೆ ವಿಶೇಷ ಅಗತ್ಯ ಮತ್ತು ಕಮ್ಮಿ ಆದಾಯದ ಮನೆಗಳಿಗೆ ಮೊದಲ ಆದ್ಯತೆ. ಮನೆಯಲ್ಲೇ ಕಲಿಸುವವರಿಗೆ ಮಗುವೊಂದಕ್ಕೆ 2,000 ಡಾಲರ್ ತನಕ ಮಾತ್ರ. ಡಲ್ಲಾಸ್, ಆಸ್ಟಿನ್‌ಗೆ ಹೋಗುವವರು ಇಲ್ಲಿನ ಲೆಕ್ಕವನ್ನು ಅಲ್ಲಿಗೆ ಹಾಕಬೇಡಿ.

ಮತ್ತೆ ಸರ್ಕಾರಿ ಶಾಲೆಗೆ ಹೋಗಬೇಕಾದರೆ

ಹೊಸ ಶಾಲೆ ಹೊಂದಲಿಲ್ಲ ಅಂದರೆ ವಾಪಸ್ ಹೋಗಲು ಯಾರೂ ತಡೆಯುವುದಿಲ್ಲ. ನಾಚಿಕೆಪಡುವ ಕಾರಣವೂ ಇಲ್ಲ. ನಿಮ್ಮ ವಿಳಾಸದ ಡಿಸ್ಟ್ರಿಕ್ಟ್ ಮಗುವನ್ನು ವರ್ಷದ ಮಧ್ಯೆಯೂ ಸೇರಿಸಿಕೊಳ್ಳಬೇಕು. ಚಾರ್ಟರ್ ಹಾಗಲ್ಲ. ಬಿಟ್ಟ ಸೀಟು ತುಂಬಿದ್ದರೆ ಮತ್ತೆ ಕಾಯುವ ಪಟ್ಟಿಯೇ.

ಮೊದಲು ಬಾಕಿ ಇರುವ ಬಿಲ್ಲುಗಳನ್ನೆಲ್ಲ ಇತ್ಯರ್ಥ ಮಾಡಿ. ಖಾಸಗಿ ಶಾಲೆಯಲ್ಲಿ ವರ್ಷದ ಪೂರ್ತಿ ಫೀಸಿಗೆ ಸಹಿ ಹಾಕಿದ್ದರೆ ಬಿಡುವಾಗ ಎಷ್ಟು ಕೊಡಬೇಕು ಅಂತ ಆ ಕರಾರಿನಲ್ಲಿ ನೋಡಿ. ಆ ಹಣ ನಿಮ್ಮ ಕೈಯಿಂದ ಹೋಗಬಹುದು. ಆಮೇಲೆ ಖಾತೆ ಮುಚ್ಚಲು ಇಲಾಖೆಗೆ ಬರೆದು, ಮುಚ್ಚಿದ ದೃಢೀಕರಣ ತರಿಸಿಕೊಂಡು, ನಂತರವೇ ಸರ್ಕಾರಿ ಶಾಲೆಯ ಮೊದಲ ದಿನ ಗೊತ್ತು ಮಾಡಿಕೊಳ್ಳಿ. ಉಳಿದ ಹಣ ರಾಜ್ಯಕ್ಕೆ ವಾಪಸ್ ಹೋಗುತ್ತದೆ. ಐಇಪಿ ಇದ್ದ ಮಗುವಾದರೆ ಸೇರಿಸುವ ದಿನವೇ ಹಳೆಯ ಐಇಪಿ ಮತ್ತು ಎಂಇಟಿ ಪ್ರತಿಗಳನ್ನು ಕೈಯಲ್ಲಿ ಕೊಟ್ಟು, ಮೀಟಿಂಗ್ ಯಾವಾಗ ಅಂತ ಬರವಣಿಗೆಯಲ್ಲಿ ಕೇಳಿ. ಮೌಲ್ಯಮಾಪನ ಮೂರು ವರ್ಷಕ್ಕಿಂತ ಹಳೆಯದಾಗಿದ್ದರೆ ಹೊಸದನ್ನು ಮಾಡಲು ಅದೇ ಪತ್ರದಲ್ಲಿ ಒಪ್ಪಿಗೆಯನ್ನೂ ಕೊಟ್ಟುಬಿಡಿ.